ಕಾಳು ಹಾಕಿದ್ರೆ ಬರೇ ಪಾರಿವಾಳ: ಬಣ್ಣದ ಹಕ್ಕಿ ಬರಬೇಕಂದ್ರೆ ಏನು ಮಾಡಬೇಕು? (ಗಂಗಾವತಿ)

ಹಿತ್ತಲಮನಿ
ಮನಿ ಹಿಂದ 12×30 ಅಡಿ ಖಾಲಿ ಜಾಗ ಐತಿ, ಎರಿ ಮಣ್ಣು. ಸುತ್ತ ನೀಲಕಂಠ, ಸೂರಕ್ಕಿ, ಪಿಕಳಾರ ಎಲ್ಲಾ ಅದಾವ, ಆದ್ರ ಮಾಳಗಿ ಮ್ಯಾಲೆ ಜೋಳ ಇಟ್ರ ಪಾರಿವಾಳ ಬಿಟ್ಟು ಒಂದೂ ಇಳಿಯಂಗಿಲ್ಲ. ನೀರಿಟ್ರ ಸೊಳ್ಳಿ ಆಗ್ತಾವಂತ ಮನ್ಯಾಗ ತಕರಾರು.

ಎರಿಹೊಲ
ಮೊದಲು ಜೋಳ ನಿಲ್ಲಿಸಿರಿ. ನೀವು ಹೇಳಿದ ಮೂರೂ ಕಾಳಿನ ಹಕ್ಕಿಗಳಲ್ಲ. ನೀಲಕಂಠಕ್ಕೆ ಮಿಡತೆ, ಜೀರುಂಡೆ ಬೇಕು. ಸೂರಕ್ಕಿಗೆ ಮಕರಂದ, ಅದರ ಮರಿಗೆ ಜೇಡ. ಪಿಕಳಾರಕ್ಕೆ ಹಣ್ಣು, ಹುಳ. ಹಿತ್ತಲಿಗೆ ಔಷಧಿ ಹೊಡೆದರೆ ಮೂರಕ್ಕೂ ಊಟ ಇಲ್ಲ.

ನೀರಿಗೆ ಒಂದೂವರೆ ಅಡಿ ಅಗಲದ ಮಣ್ಣಿನ ತಟ್ಟೆ, ಆಳ 2 ಇಂಚು ಮೀರಬಾರದು, ನಡುವೆ ಒಂದು ಒರಟು ಕಲ್ಲು. ಸ್ಟೀಲ್ ಬೇಡ, ಕಾಲು ಜಾರುತ್ತದೆ, ನಮ್ಮ ಏಪ್ರಿಲ್ ಬಿಸಿಲಿಗೆ ಕಾದ ಹಂಚಾಗುತ್ತದೆ. ಸೊಳ್ಳೆ ಮೊಟ್ಟೆಯಿಂದ ರೆಕ್ಕೆವರೆಗೆ ಬರಲು ಸುಮಾರು ವಾರ ಬೇಕು. ದಿನಾ ಬೆಳಿಗ್ಗೆ ಚೆಲ್ಲಿ, ತೆಂಗಿನ ನಾರಿನಿಂದ ಅಂಚು ಉಜ್ಜಿ ತುಂಬಿರಿ. ಬರೇ ನೀರು ಬದಲಿಸಿದರೆ ಅಂಚಿಗೆ ಅಂಟಿದ ಮೊಟ್ಟೆ ಹೋಗುವುದಿಲ್ಲ. ಪೊದೆಯಿಂದ 6 ಅಡಿ ದೂರ ಇಡಿ, ಇಲ್ಲದಿದ್ದರೆ ಬೆಕ್ಕಿಗೆ ಹಬ್ಬ.

ಕಾರೆಮುಳ್ಳು
ಬೇಲಿಗುಂಟ ಕಾರೆ, ಕವಳೆ, ಬಿಸಿಲಿಗೆ ತಂಗಡಿ, ಸೂರಕ್ಕಿಗೆಂದೇ ಎರಡು ಮೂರು ಆಡುಸೋಗೆ. ಅತ್ತಿ, ಆಲ ಆಸೆಪಡಬೇಡಿ, 12 ಅಡಿಯಲ್ಲಿ ಬೇರು ಗೋಡೆಗೇ ಹೋಗುತ್ತದೆ.

ಎರಿಯಲ್ಲಿ ಗುಂಡಿ 2 ಅಡಿ ಉದ್ದ, ಅಗಲ, ಆಳ. ತೆಗೆದ ಮಣ್ಣಿಗೆ ಸಮ ಗರಸು ಬೆರೆಸಿ, ನೆಲಕ್ಕಿಂತ ಅರ್ಧ ಅಡಿ ಏರಿಸಿ ನೆಡಿ. ಬರೇ ಎರಿಯಾದರೆ ಮಳೆಗೆ ನೀರು ನಿಂತು ಬೇರು ಕೊಳೆಯುತ್ತದೆ, ಬೇಸಿಗೆಗೆ ನೆಲ ಬಿರಿದು ಎಳೆ ಬೇರು ಹರಿಯುತ್ತದೆ. ಪಕ್ಕದಲ್ಲಿ 5 ಲೀಟರಿನ ಮಡಕೆಯನ್ನು ಕುತ್ತಿಗೆವರೆಗೆ ಹೂತು, ತುಂಬಿ, ಮುಚ್ಚಿಡಿ. ನೀರು ತಾನೇ ಜಿನುಗುತ್ತದೆ. ಅಡುಗೆ ಮಾಡಿದ ಹಳೇ ಮಡಕೆ ಬೇಡ, ಎಣ್ಣೆ ಕುಡಿದದ್ದು ಜಿನುಗುವುದಿಲ್ಲ.

ಹಿತ್ತಲಮನಿ
ಮೂಲ್ಯಾಗ ಬಳ್ಳಾರಿ ಜಾಲಿ ಐತಿ. ಕಡಸ್ಲೇನು?

ಕಾರೆಮುಳ್ಳು
ಹೆಸರಷ್ಟೇ ನಮ್ಮದು, ಗಿಡ ಅಮೆರಿಕ ಖಂಡದ್ದು. ಆದರೂ ಈಗಲೇ ಬೇಡ, ಸದ್ಯ ಹಕ್ಕಿ ಅಡಗಲು ಅದೊಂದೇ ಇರಬಹುದು. ಕಾರೆ ಎದೆಯೆತ್ತರ ಬಂದಮೇಲೆ, ಗೂಡಿಲ್ಲದ್ದು ನೋಡಿ ತೆಗೆಸಿ. ಮೇಲಷ್ಟೇ ಕಡಿದರೆ ಮತ್ತೆ ಚಿಗುರುತ್ತದೆ. ಒಂದಡಿ ಆಳ ಬುಡ ಅಗೆದು ಕೀಳಬೇಕು.

ಬಂಡೆಗುಡ್ಡ
ಒಂದು ಸೇರಿಸುವೆ. ಹಿತ್ತಲಿಗೆ ಬರುವುದು ಕಪ್ಪು ತಲೆಯ, ಬಾಲದಡಿ ಕೆಂಪಿನ ಪಿಕಳಾರ. ಹಳದಿ ಕೊರಳಿನದು ಬೇರೆ, ದಕ್ಷಿಣ ಭಾರತದ ಕಲ್ಲುಗುಡ್ಡ ಬಿಟ್ಟು ಎಲ್ಲೂ ಇಲ್ಲ. ದರೋಜಿ, ಸಂಡೂರು ಕಡೆ ಬಂಡೆ ಸಂದಿಯ ಪೊದೆಗಳಲ್ಲಿ ಸಿಗುತ್ತದೆ. ಬೆಳಕು ಪೂರ್ತಿ ಹರಿದಮೇಲೆ ಹೋಗಿ, ಕರಡಿ, ಚಿರತೆ ಇರುವ ಜಾಗ. ಮೊಬೈಲಿನಲ್ಲಿ ಅದರ ಕೂಗು ಹಾಕಿ ಕರೆಯಬೇಡಿ, ಗೂಡು ಬಿಟ್ಟು ಜಗಳಕ್ಕೆ ಬರುತ್ತದೆ.

ನೀಲಕಂಠಕ್ಕೆ ಅಷ್ಟು ದೂರ ಹೋಗಬೇಕಿಲ್ಲ, ಹೊಲದ ಕರೆಂಟ್ ತಂತಿ ನೋಡಿ. ಕೂತಾಗ ಮಾಸಲು ಕಂದು. ಮಿಡತೆಗೆ ಹಾರಿದಾಗಲೇ ರೆಕ್ಕೆಯ ನೀಲಿ ತೆರೆಯುವುದು.