1776ರ ದೂರುಗಳ ಪಟ್ಟಿಯಲ್ಲಿ ತೆರಿಗೆಗೆ ಒಂದೇ ಸಾಲು ಏಕೆ?

ಪ್ರಶ್ನೆ

ಅಮೆರಿಕದ ಹದಿಮೂರು ವಸಾಹತುಗಳು ತೆರಿಗೆಯ ಕಾರಣಕ್ಕೆ ಬ್ರಿಟನ್ನಿನಿಂದ ಬೇರೆಯಾದವು ಎಂದು ಪಠ್ಯಪುಸ್ತಕಗಳಲ್ಲಿ ಓದಿದ್ದೇವೆ. 1776ರ ಜುಲೈ 4ರ ಸ್ವಾತಂತ್ರ್ಯ ಘೋಷಣೆಯನ್ನು ಪೂರ್ತಿಯಾಗಿ ಓದಿದರೆ ಬೇರೆಯೇ ಚಿತ್ರ ಕಾಣುತ್ತದೆ. ಅದರಲ್ಲಿರುವ 27 ದೂರುಗಳ ಪೈಕಿ ಒಪ್ಪಿಗೆಯಿಲ್ಲದೆ ಹೇರಿದ ತೆರಿಗೆಗೆ ಸಿಕ್ಕಿರುವುದು ಒಂದೇ ಸಾಲು, ಅದೂ ಪಟ್ಟಿಯ ಅರ್ಧ ದಾಟಿದ ಮೇಲೆ. ರಾಜನು ಕಾಯ್ದೆಗಳಿಗೆ ಅಂಕಿತ ಹಾಕಲಿಲ್ಲ, ಶಾಸನಸಭೆಗಳನ್ನು ಮತ್ತೆ ಮತ್ತೆ ವಿಸರ್ಜಿಸಿದ, ನ್ಯಾಯಾಧೀಶರ ಹುದ್ದೆಯನ್ನೂ ಸಂಬಳವನ್ನೂ ತನ್ನ ಮರ್ಜಿಗೆ ಕಟ್ಟಿಹಾಕಿದ ಎಂಬ ದೂರುಗಳು ಅದಕ್ಕಿಂತ ಮೊದಲೇ ಬರುತ್ತವೆ. ತೆರಿಗೆ ಹಾಕಿದ್ದು ಪಾರ್ಲಿಮೆಂಟ್. ದೂರುಗಳ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ, ಎಲ್ಲ ಆಪಾದನೆಯೂ ಮೂರನೇ ಜಾರ್ಜ್‌ನ ಮೇಲಿದೆ. ಇದಕ್ಕೆ ಕಾರಣವೇನು? ಅಸಮಾಧಾನ 1765ರಲ್ಲೇ ಭುಗಿಲೆದ್ದಿತ್ತು ಎಂದಾದರೆ ಘೋಷಣೆಗೆ ಇನ್ನೂ ಹನ್ನೊಂದು ವರ್ಷ ಏಕೆ ಬೇಕಾಯಿತು?

ಉತ್ತರ 1

ಏಳು ವರ್ಷಗಳ ಯುದ್ಧ 1763ರಲ್ಲಿ ಮುಗಿದಾಗ ಬ್ರಿಟನ್ನಿನ ಸಾಲ ಹೆಚ್ಚುಕಡಿಮೆ ಇಮ್ಮಡಿಯಾಗಿತ್ತು. ಅಮೆರಿಕದಲ್ಲಿ ಉಳಿಸಿಕೊಂಡ ಸೈನ್ಯದ ಖರ್ಚಿನಲ್ಲಿ ಒಂದು ಪಾಲನ್ನು ಅಲ್ಲಿಯವರೇ ಹೊರಲಿ ಎಂದು ಲಂಡನ್ನಿನ ಮಂತ್ರಿಗಳು ಬಯಸಿದ್ದು ಅಸಹಜವೇನಲ್ಲ. 1764ರ ಸಕ್ಕರೆ ಕಾಯ್ದೆ ಮತ್ತು ಕಾಗದಪತ್ರಗಳ ಮೇಲೆ ತೆರಿಗೆ ಹಾಕಿದ 1765ರ ಸ್ಟಾಂಪ್ ಕಾಯ್ದೆ ಬಂದದ್ದು ಹೀಗೆ. ಮೊತ್ತವನ್ನಷ್ಟೇ ಲೆಕ್ಕಹಾಕಿದರೆ ವಸಾಹತಿನವರು ಬ್ರಿಟನ್ನಿನ ನಿವಾಸಿಗಳಿಗಿಂತ ಬಹಳ ಕಡಿಮೆ ತೆರಿಗೆ ಕೊಡುತ್ತಿದ್ದರು. ತಮ್ಮ ಶಾಸನಸಭೆಗಳು ಇರುವಾಗಲೇ ತಾವು ಆರಿಸದ ಸಭೆಯೊಂದು ತಮ್ಮ ಹಣಕ್ಕೆ ಕೈಹಾಕಿತು ಎಂಬುದೇ ಅವರ ಸಿಟ್ಟಿನ ಮೂಲ.

ಸ್ಟಾಂಪ್ ಕಾಯ್ದೆಯನ್ನು 1766ರಲ್ಲಿ ರದ್ದು ಮಾಡುವಾಗಲೇ ಪಾರ್ಲಿಮೆಂಟ್ ಇನ್ನೊಂದು ಕಾಯ್ದೆ ಮಾಡಿ, ಯಾವುದೇ ವಿಷಯದಲ್ಲಿ ವಸಾಹತುಗಳಿಗೆ ಕಾನೂನು ಮಾಡುವ ಅಧಿಕಾರ ತನಗಿದೆ ಎಂದು ಬರೆದಿಟ್ಟಿತು. ನನ್ನ ದೃಷ್ಟಿಯಲ್ಲಿ ಜಗಳದ ನಿಜವಾದ ಬೇರು ಈ ಕಾಯ್ದೆ. ಆಮೇಲೆ ಹೇರಿದ ಹೊಸ ಸುಂಕಗಳಲ್ಲಿ ಉಳಿದವನ್ನು 1770ರಲ್ಲಿ ತೆಗೆದು ಚಹಾದ ಸುಂಕವೊಂದನ್ನೇ ಉಳಿಸಿಕೊಂಡದ್ದು ಆ ಅಧಿಕಾರವನ್ನು ಜೀವಂತವಾಗಿಡುವುದಕ್ಕೆ. 1773ರ ಕಾಯ್ದೆಯಿಂದ ಈಸ್ಟ್ ಇಂಡಿಯಾ ಕಂಪನಿಯ ಚಹಾ ಅಗ್ಗವಾಗುವುದಿದ್ದರೂ ಡಿಸೆಂಬರ್ 16ರಂದು ಬಾಸ್ಟನ್ ಬಂದರಿನಲ್ಲಿ 342 ಪೆಟ್ಟಿಗೆ ಚಹಾ ಸಮುದ್ರದ ಪಾಲಾಯಿತು. ಬೆಲೆಯೇ ಮುಖ್ಯವಾಗಿದ್ದರೆ ಹಾಗೆ ಆಗುತ್ತಿರಲಿಲ್ಲ. ಅದಕ್ಕೆ ಪ್ರತಿಯಾಗಿ 1774ರಲ್ಲಿ ಬಾಸ್ಟನ್ ಬಂದರನ್ನು ಮುಚ್ಚಲಾಯಿತು ಮತ್ತು ಮ್ಯಾಸಚೂಸೆಟ್ಸ್‌ನ ಆಡಳಿತದ ಸನ್ನದನ್ನೇ (ರಾಜನು ಕೊಟ್ಟ ಅಧಿಕಾರಪತ್ರವನ್ನೇ) ಬದಲಿಸಲಾಯಿತು. ಒಂದು ವಸಾಹತಿನ ಸನ್ನದು ಹೀಗೆ ಹೋಗಬಹುದಾದರೆ ನಾಳೆ ತಮ್ಮದೂ ಹೋಗಬಹುದು ಎಂಬ ಭಯ ಉಳಿದ ವಸಾಹತುಗಳನ್ನು ಹಿಡಿಯಿತು.

ಇನ್ನು ರಾಜನ ಮಾತು. 1774ರ ವೇಳೆಗೆ, ಮುಂದೆ ಘೋಷಣೆಯ ಕರಡು ಬರೆದ ಜೆಫರ್ಸನ್ ಮತ್ತು ಜೇಮ್ಸ್ ವಿಲ್ಸನ್‌ರಂಥವರು, ಪಾರ್ಲಿಮೆಂಟಿಗೆ ವಸಾಹತುಗಳ ಮೇಲೆ ಯಾವ ಅಧಿಕಾರವೂ ಇಲ್ಲ, ತಮ್ಮನ್ನೂ ಬ್ರಿಟನ್ನನ್ನೂ ಕೂಡಿಸಿರುವುದು ಒಬ್ಬನೇ ರಾಜನಿಗೆ ಸಲ್ಲಿಸುವ ನಿಷ್ಠೆ ಮಾತ್ರ ಎಂದು ವಾದಿಸತೊಡಗಿದ್ದರು. ಈ ವಾದವನ್ನು ಒಪ್ಪಿದವರಿಗೆ ಪಾರ್ಲಿಮೆಂಟಿನೊಂದಿಗೆ ಕಡಿದುಕೊಳ್ಳಲು ಸಂಬಂಧವೇ ಇರಲಿಲ್ಲ. ಆದ್ದರಿಂದಲೇ ಘೋಷಣೆಯ ದೂರುಗಳಲ್ಲಿ ಪಾರ್ಲಿಮೆಂಟ್ ಬರುವುದು ರಾಜನು ಕೈಜೋಡಿಸಿದ ‘ಇತರರು’ ಎಂಬ ಒಂದು ಪದದ ಮರೆಯಲ್ಲಿ. ರಾಜನ ತಪ್ಪುಗಳನ್ನು ಒಂದೊಂದಾಗಿ ಎಣಿಸುವ ಈ ರೀತಿಯೂ ಹೊಸದಲ್ಲ. 1689ರ ಇಂಗ್ಲೆಂಡಿನ ಹಕ್ಕುಗಳ ಮಸೂದೆ ಎರಡನೇ ಜೇಮ್ಸ್‌ನ ತಪ್ಪುಗಳನ್ನು ಹೀಗೆಯೇ ಪಟ್ಟಿ ಮಾಡಿತ್ತು.

ಉತ್ತರ 2

ಹನ್ನೊಂದು ವರ್ಷ ಏಕೆ ಎಂಬುದಕ್ಕೆ ಇಷ್ಟು ಸೇರಿಸುತ್ತೇನೆ. 1775ರ ಏಪ್ರಿಲ್ 19ರಂದು ಲೆಕ್ಸಿಂಗ್ಟನ್ ಮತ್ತು ಕಾಂಕರ್ಡ್‌ಗಳಲ್ಲಿ ಗುಂಡು ಹಾರಿದ ಮೇಲೂ ವಸಾಹತುಗಳ ಪ್ರತಿನಿಧಿಗಳ ಸಭೆಯಾದ ಕಾಂಟಿನೆಂಟಲ್ ಕಾಂಗ್ರೆಸ್ ಜುಲೈ ತಿಂಗಳಲ್ಲಿ ರಾಜನಿಗೆ ಸಂಧಾನದ ಮನವಿ ಕಳುಹಿಸಿತ್ತು. ರಾಜನು ಅದನ್ನು ಸ್ವೀಕರಿಸಲಿಲ್ಲ. ಆಗಸ್ಟ್ 23ರಂದು ವಸಾಹತಿನವರು ದಂಗೆಕೋರರೆಂದು ಸಾರಿದ. ಡಿಸೆಂಬರ್‌ನಲ್ಲಿ ಬಂದ ಕಾಯ್ದೆಯೊಂದು ಅವರ ವ್ಯಾಪಾರವನ್ನು ನಿಷೇಧಿಸಿ, ಅವರ ಹಡಗುಗಳನ್ನು ಶತ್ರುಗಳ ಹಡಗುಗಳಂತೆ ವಶಪಡಿಸಿಕೊಳ್ಳಲು ಅವಕಾಶ ಕೊಟ್ಟಿತು. ತಮ್ಮನ್ನು ರಕ್ಷಣೆಯಿಂದ ಹೊರಗಿಟ್ಟು ತಮ್ಮ ಮೇಲೆ ಯುದ್ಧ ಹೂಡಿದ ರಾಜನು ಆಳ್ವಿಕೆಯನ್ನು ತಾನೇ ತ್ಯಜಿಸಿದ್ದಾನೆ ಎಂಬ ಘೋಷಣೆಯ ದೂರು ಹುಟ್ಟಿದ್ದು ಈ ಹಿನ್ನೆಲೆಯಲ್ಲಿ. ನನಗೆ ಇಡೀ ಪಟ್ಟಿಯಲ್ಲಿ ಅತ್ಯಂತ ನಿರ್ಣಾಯಕವೆನಿಸುವುದು ಇದೇ. ಉಳಿದ ದೂರುಗಳಿಗೆ ಪರಿಹಾರ ಕೇಳಬಹುದಿತ್ತು, ಇದಕ್ಕೆ ಕೇಳುವ ದಾರಿ ಉಳಿದಿರಲಿಲ್ಲ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಈ ಪಟ್ಟಿ ವಕೀಲರ ವಾದಪತ್ರದಂತೆ ಕಾಣುತ್ತದೆ. ರಾಜನ ಮನಸ್ಸು ತಿರುಗುವುದಿಲ್ಲವೆಂದು ಗೊತ್ತಿದ್ದೂ ಅದನ್ನು ಯಾರ ಮುಂದೆ ಇಟ್ಟರು? ಅದರಲ್ಲಿ ಬಿಟ್ಟುಹೋದದ್ದೇನಾದರೂ ಇದೆಯೇ?

ಉತ್ತರ 3

ಯಾರ ಮುಂದೆ ಎಂಬುದು ಜೂನ್ 7ರಂದು ರಿಚರ್ಡ್ ಹೆನ್ರಿ ಲೀ ಮಂಡಿಸಿದ ಗೊತ್ತುವಳಿಯಿಂದ ತಿಳಿಯುತ್ತದೆ. ಸ್ವಾತಂತ್ರ್ಯದ ಜೊತೆಯಲ್ಲೇ ಅದು ವಿದೇಶಗಳೊಂದಿಗೆ ಮೈತ್ರಿಯನ್ನೂ ವಸಾಹತುಗಳ ಒಕ್ಕೂಟವನ್ನೂ ಕೋರಿತ್ತು. ಒಂದು ರಾಜ್ಯದೊಳಗಿನ ಬಂಡಾಯಗಾರರ ಜೊತೆ ಇನ್ನೊಬ್ಬ ದೊರೆ ಬಹಿರಂಗವಾಗಿ ಒಪ್ಪಂದ ಮಾಡಿಕೊಳ್ಳುವುದು ಕಷ್ಟ, ಪ್ರತ್ಯೇಕ ರಾಷ್ಟ್ರದ ಜೊತೆ ಮಾಡಿಕೊಳ್ಳಬಹುದು. ಫ್ರಾನ್ಸ್ ಆ ಒಪ್ಪಂದಕ್ಕೆ ಸಹಿ ಹಾಕಿದ್ದು 1778ರ ಫೆಬ್ರವರಿ 6ರಂದು.

ಬಿಟ್ಟುಹೋದದ್ದರ ಬಗ್ಗೆ ಹೆಚ್ಚು ಹೇಳಬೇಕಾಗಿದೆ. ಗುಲಾಮರ ವ್ಯಾಪಾರಕ್ಕೆ ರಾಜನನ್ನು ಹೊಣೆಯಾಗಿಸುವ ಒಂದು ದೀರ್ಘ ಭಾಗ ಜೆಫರ್ಸನ್ನರ ಕರಡಿನಲ್ಲಿತ್ತು. ಕಾಂಗ್ರೆಸ್ ಅದನ್ನು ಹೊಡೆದುಹಾಕಿತು. ಜೆಫರ್ಸನ್ ಸ್ವತಃ ಗುಲಾಮರನ್ನು ಇಟ್ಟುಕೊಂಡಿದ್ದವರು. ಮ್ಯಾಸಚೂಸೆಟ್ಸ್‌ನ ಮಾಜಿ ಗವರ್ನರ್ ಥಾಮಸ್ ಹಚಿನ್ಸನ್ ಅದೇ ವರ್ಷ ಲಂಡನ್ನಿನಲ್ಲಿ ಬರೆದ ಉತ್ತರದಲ್ಲಿ, ಲಕ್ಷಕ್ಕೂ ಹೆಚ್ಚು ಆಫ್ರಿಕನ್ನರ ಸ್ವಾತಂತ್ರ್ಯ ಕಸಿದುಕೊಂಡದ್ದನ್ನು ದಕ್ಷಿಣದ ಪ್ರತಿನಿಧಿಗಳು ಹೇಗೆ ಸಮರ್ಥಿಸುತ್ತಾರೆ ಎಂದು ಕೇಳಿದ್ದರು. ಆ ಪ್ರಶ್ನೆ ಕೇಳಿದವರು ರಾಜನ ಪಕ್ಷದವರು ಎಂಬ ಕಾರಣಕ್ಕೆ ಅದರ ತೂಕ ಕಡಿಮೆಯಾಗುವುದಿಲ್ಲ. ಇನ್ನು ಮೂಲನಿವಾಸಿಗಳನ್ನು ಪಟ್ಟಿಯ ಕೊನೆಯ ದೂರು ನಿರ್ದಯ ಅನಾಗರಿಕರೆಂದು ಕರೆಯುತ್ತದೆ. ಅವರ ನೆಲದತ್ತ ವಲಸೆಯನ್ನು ತಡೆದ 1763ರ ರಾಜಾಜ್ಞೆಯೂ ವಸಾಹತಿನವರ ಅಸಮಾಧಾನಗಳಲ್ಲಿ ಒಂದಾಗಿತ್ತು ಎಂಬುದನ್ನು ಮರೆಯಬಾರದು.

ಫ್ರಾನ್ಸಿನ ವಸಾಹತಾಗಿದ್ದ ಹೈಟಿಯ ಘೋಷಣೆ ಇದಕ್ಕಿಂತ ತೀರ ಭಿನ್ನ. 1804ರ ಜನವರಿ 1ರಂದು ಗೊನಾಯಿವ್‌ನಲ್ಲಿ ಅಲ್ಲಿಯ ಸೇನಾನಾಯಕ ದೆಸಾಲಿನ್ ಅದನ್ನು ಸಾರಿದಾಗ ಉಲ್ಲಂಘಿತ ಸನ್ನದುಗಳ ಪಟ್ಟಿ ಅದರಲ್ಲಿರಲಿಲ್ಲ, ಏಕೆಂದರೆ ಗುಲಾಮರಾಗಿದ್ದವರಿಗೆ ಅಂಥ ಸನ್ನದುಗಳೇ ಇರಲಿಲ್ಲ. ಆದರೂ ಒಂದು ಹೋಲಿಕೆ ಇದೆ: ಅಲ್ಲೂ ಬೇರ್ಪಡುವ ನಿರ್ಧಾರ ಬೇರೆ ದಾರಿ ಉಳಿಯದಾದ ಮೇಲೆಯೇ ಬಂತು. ದೆಸಾಲಿನ್‌ಗಿಂತ ಮೊದಲಿನ ನಾಯಕ ತೂಸಾಂ ಲೂವೆರ್ತ್ಯೂರ್ 1801ರ ಸಂವಿಧಾನದಲ್ಲಿ ಆ ವಸಾಹತನ್ನು ಫ್ರಾನ್ಸಿನ ಭಾಗವಾಗಿಯೇ ಉಳಿಸಿದ್ದರು. ನೆಪೋಲಿಯನ್ ಕಳುಹಿಸಿದ ಸೈನ್ಯ ಅವರನ್ನು ಸೆರೆಹಿಡಿದು ಸಾಗಿಸಿದ ಮೇಲೆ, ಗ್ವಾಡಲೂಪ್‌ನಲ್ಲಿ ಗುಲಾಮಗಿರಿ ಮರಳಿದ ಸುದ್ದಿ ಬಂದ ಮೇಲೆ, ಫ್ರಾನ್ಸಿನೊಳಗೆ ಸ್ವತಂತ್ರರಾಗಿ ಬದುಕಬಹುದೆಂಬ ನಂಬಿಕೆ ಯಾರಲ್ಲೂ ಉಳಿಯಲಿಲ್ಲ.

ಉತ್ತರ 4

ಭಾರತದ ಉದಾಹರಣೆಯೂ ಇದೇ ಕ್ರಮವನ್ನು ತೋರಿಸುತ್ತದೆ. 1928ರಲ್ಲಿ ಡೊಮಿನಿಯನ್ ಸ್ಥಾನಮಾನವನ್ನಷ್ಟೇ (ಸಾಮ್ರಾಜ್ಯದೊಳಗೇ ಉಳಿದು ಸ್ವಯಮಾಡಳಿತವನ್ನು) ಕೇಳಿದ್ದ ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ ಬ್ರಿಟಿಷ್ ಸರ್ಕಾರಕ್ಕೆ ಒಂದು ವರ್ಷದ ಗಡುವು ಕೊಟ್ಟಿತ್ತು. 1929ರ ಡಿಸೆಂಬರ್‌ನಲ್ಲಿ ವೈಸರಾಯ್ ಇರ್ವಿನ್ ಜೊತೆಗಿನ ಮಾತುಕತೆಯಿಂದ ಖಚಿತ ಭರವಸೆ ಸಿಗದಿದ್ದಾಗ ಲಾಹೋರ್ ಅಧಿವೇಶನದಲ್ಲಿ ಪೂರ್ಣ ಸ್ವರಾಜ್ಯದ ಗೊತ್ತುವಳಿ ಬಂತು. ಆದರೆ ಯಾರ ಮುಂದೆ ಎಂಬ ಪ್ರಶ್ನೆಗೆ ಇಲ್ಲಿ ಉತ್ತರ ಬೇರೆ. 1930ರ ಜನವರಿ 26ರ ಪ್ರತಿಜ್ಞೆಯನ್ನು ಊರೂರಿನ ಸಭೆಗಳಲ್ಲಿ ಜನರ ಮುಂದೆಯೇ ಓದಲಾಯಿತು. ಆರ್ಥಿಕ, ರಾಜಕೀಯ, ಸಾಂಸ್ಕೃತಿಕ ಹಾಗೂ ಆಧ್ಯಾತ್ಮಿಕ ನಾಶದ ಆಪಾದನೆಗಳ ನಡುವೆ ಅದರಲ್ಲಿ ತೆರಿಗೆಯ ಲೆಕ್ಕವೂ ಇತ್ತು: ಭೂಕಂದಾಯದ ಪಾಲು ಶೇ. 20, ಉಪ್ಪಿನದು ಶೇ. 3. ಮಾರ್ಚ್ 12ರಂದು ದಂಡಿಯತ್ತ ಹೊರಟ ಗಾಂಧೀಜಿ ಆರಿಸಿಕೊಂಡದ್ದು ಅವೆರಡರಲ್ಲಿ ಚಿಕ್ಕದನ್ನು, ಬಡವರ ಮೇಲೆ ಹೆಚ್ಚು ಭಾರ ಹೇರುತ್ತಿದ್ದ ಉಪ್ಪಿನ ತೆರಿಗೆಯನ್ನು.