ಹತ್ತಿ ದಾರದ ಕ್ರೋಶಾ ಜುಮುಕಿ ಮಳೆಗಾಲದಲ್ಲಿ ಮೆತ್ತಗಾಗದಂತೆ ಹೆಣೆಯುವುದು ಹೇಗೆ?

ಪ್ರಶ್ನೆ: ಕುಚ್ಚಿನ ಕೈ, ಮಂಗಳೂರು

ಎಲ್ಲರಿಗೂ ನಮಸ್ಕಾರ. 11 ವರ್ಷಗಳಿಂದ ಸೀರೆಯ ಸೆರಗಿಗೆ ಕ್ರೋಶಾ ಕುಚ್ಚು ಹಾಕಿಕೊಡುತ್ತಾ ಬಂದಿರುವ ನಾನು, ಕಳೆದ ಜನವರಿಯಿಂದ ಹತ್ತಿ ದಾರದ ಒಡವೆಗಳನ್ನೂ ಹೆಣೆಯತೊಡಗಿದ್ದೇನೆ. ಭಾರದ ಓಲೆ ಹಾಕಿ ಹಾಕಿ ಕಿವಿಯ ತೂತು ಜಗ್ಗಿಹೋದವರಿಗೆ ದಾರದ ಜುಮುಕಿ ಬಹಳ ಹಿತವೆನಿಸುತ್ತದೆ ಎಂಬ ಕಾರಣದಿಂದ ಪರಿಚಿತರಲ್ಲಿ ಬೇಡಿಕೆಯೂ ಹುಟ್ಟಿದೆ. ಆದರೆ ಮೂರು ತೊಂದರೆಗಳು ನನ್ನನ್ನು ಕಾಡುತ್ತಿವೆ.

ಮೊದಲನೆಯದು ಜುಮುಕಿಯದು. 20ನೆಯ ನಂಬರಿನ ದಾರದಲ್ಲಿ, 1.5 ಮಿಲಿಮೀಟರ್ ಕಡ್ಡಿಯಿಂದ ಹೆಣೆದು, ಸಬ್ಬಕ್ಕಿ ಗಂಜಿಯಲ್ಲಿ ಅದ್ದಿ, ಗೋಲಿಯ ಮೇಲೆ ಕೂರಿಸಿ ಒಣಗಿಸಿದ್ದೆ. ಬೇಸಿಗೆಯಲ್ಲಿ ಗಟ್ಟಿಯಾಗಿ ನಿಂತಿದ್ದವು. ಜೂನ್ ತಿಂಗಳಲ್ಲಿ ಮಳೆ ಹಿಡಿದ ವಾರದೊಳಗೆ ಗಾಳಿಗಿಟ್ಟ ಹಪ್ಪಳದಂತೆ ಮೆತ್ತಗಾದವು. ಮಾದರಿಯಲ್ಲಿ 6 ಡಬಲ್ ಕ್ರೋಶಾದಿಂದ ಆರಂಭಿಸಿ ಸುತ್ತಿಗೆ 6ರಂತೆ ಹೆಚ್ಚಿಸಬೇಕು ಎಂದಿತ್ತು. ಹಾಗೆಯೇ ಮಾಡಿದರೂ ಅದು ಗುಮ್ಮಟದಂತೆ ಅರಳದೆ ದಾಸವಾಳದ ಮೊಗ್ಗಿನಂತೆ ಚೂಪಾಗುತ್ತಿತ್ತು. ಗೋಲಿಯ ಮೇಲೆ ಎಳೆದು ಕೂರಿಸಿದ್ದೇ ಅದಕ್ಕಾಗಿ.

ಎರಡನೆಯದು ಕೊರಳ ಸರದ್ದು. ಪದಕದ ಭಾರಕ್ಕೆ ಸರವು ನಾಲ್ಕೇ ಸಲ ಧರಿಸುವಷ್ಟರಲ್ಲಿ ಎರಡು ಅಂಗುಲ ಜಗ್ಗಿದೆ. ಮೂರನೆಯದು ಬಣ್ಣದ್ದು. ಕೆಂಪು ದಾರದ ಸರವೊಂದು ಬೆವರಿಗೆ ಬಣ್ಣ ಬಿಟ್ಟು, ಧರಿಸಿದವರ ಕೆನೆಬಣ್ಣದ ರವಿಕೆಗೆ ಕಲೆ ಹತ್ತಿಸಿತು. ಅದಾದ ಮೇಲೆ ಉಳಿದ ದಾರವನ್ನು ಉಪ್ಪು ಮತ್ತು ವಿನೆಗರ್ ಬೆರೆಸಿದ ನೀರಿನಲ್ಲಿ ಒಂದು ರಾತ್ರಿ ನೆನೆಸಿದೆ, ಏನೂ ಪ್ರಯೋಜನವಾಗಲಿಲ್ಲ. ಗಂಜಿಯ ಬದಲು ಫೆವಿಕಾಲ್ ಬಳಸಬಹುದೇ? ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ: ನೂಲುಂಡೆ, ಮೈಸೂರು

ಗಂಜಿಯನ್ನು ಕರಾವಳಿಯಲ್ಲಿ ನೆಚ್ಚಿಕೊಳ್ಳಬೇಡಿ. ಗಂಜಿ ಗಾಳಿಯ ತೇವವನ್ನು ಹೀರಿಕೊಂಡು ಸಡಿಲವಾಗುತ್ತದೆ, ಮುಚ್ಚಿದ ಡಬ್ಬಿಯಲ್ಲಿಟ್ಟರೆ ಬೂಷ್ಟು ಹಿಡಿಯುತ್ತದೆ, ಬಿಟ್ಟರೆ ಜಿರಲೆಗೆ ಊಟವಾಗುತ್ತದೆ. ಸಕ್ಕರೆ ಪಾಕದಲ್ಲಿ ಅದ್ದುವ ಹಳೆಯ ಪದ್ಧತಿಯನ್ನು ಯಾರಾದರೂ ಹೇಳಿಕೊಟ್ಟರೆ ಅದನ್ನೂ ದೂರವಿಡಿ. ಇರುವೆಗಳು ಒಡವೆಯನ್ನು ಹುಡುಕಿಕೊಂಡು ಬರುತ್ತವೆ. ಫೆವಿಕಾಲನ್ನು ಮೂರು ಪಾಲು ನೀರಿನಲ್ಲಿ ಕದಡಿ ಹಿಂಬದಿಗೆ ಮಾತ್ರ ಕುಂಚದಿಂದ ಸವರಿದರೆ ಗಂಜಿಗಿಂತ ಹೆಚ್ಚು ದಿನ ನಿಲ್ಲುತ್ತದೆ. ನಾನು ಮೂರು ವರ್ಷಗಳಿಂದ ಹಾಗೆಯೇ ಮಾಡುತ್ತಿದ್ದೇನೆ. ಒಣಗಿಸುವಾಗ ಥರ್ಮಾಕೋಲ್ ಹಲಗೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ತುಕ್ಕು ಹಿಡಿಯದ ಗುಂಡುಸೂಜಿಗಳನ್ನೇ ಚುಚ್ಚಬೇಕು. ತುಕ್ಕಿನ ಕಲೆ ಬಿಳಿ ದಾರದಿಂದ ಹೋಗುವುದಿಲ್ಲ.

ಉತ್ತರ: ಹೆಣಿಗೆ ಲೆಕ್ಕ, ಧಾರವಾಡ

ಮೈಸೂರಿನವರ ಎಚ್ಚರಿಕೆಗಳನ್ನು ಒಪ್ಪುತ್ತೇನೆ, ಮದ್ದನ್ನು ಒಪ್ಪುವುದಿಲ್ಲ. ಫೆವಿಕಾಲ್ ಸವರಿದ ದಾರವು ತನ್ನ ಹೊಳಪನ್ನು ಕಳೆದುಕೊಂಡು ಪ್ಲಾಸ್ಟಿಕ್‌ನಂತೆ ಕಾಣುತ್ತದೆ. ಸಾಮಾನ್ಯ ಬಿಳಿ ಅಂಟು ನೀರಿಗೂ ಬೆವರಿಗೂ ಮತ್ತೆ ಮೆತ್ತಗಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ನಿಮ್ಮ ಜುಮುಕಿಯ ದೋಷ ಗಂಜಿಯಲ್ಲಿಲ್ಲ, ಹೆಣಿಗೆಯಲ್ಲಿದೆ ಎಂದು ನಿಮ್ಮ ಪ್ರಶ್ನೆಯೇ ಹೇಳುತ್ತಿದೆ.

6ರಿಂದ ಆರಂಭಿಸಿ ಸುತ್ತಿಗೆ 6 ಹೆಚ್ಚಿಸುವ ಲೆಕ್ಕವು ಗಿಡ್ಡ ಹೊಲಿಗೆಯದು. ನಾವು ಇಲ್ಲಿ ಸಿಂಗಲ್ ಕ್ರೋಶಾ ಎಂದು ಕರೆಯುವುದನ್ನೇ ಬ್ರಿಟಿಷ್ ಮಾದರಿಗಳಲ್ಲಿ ಡಬಲ್ ಕ್ರೋಶಾ ಎಂದು ಬರೆಯುತ್ತಾರೆ. ಅಮೆರಿಕದ ಮಾದರಿಗಳಲ್ಲಿ ಡಬಲ್ ಎಂದರೆ ಕಡ್ಡಿಗೆ ಒಮ್ಮೆ ದಾರ ಸುತ್ತಿಕೊಂಡು ಹಾಕುವ ಉದ್ದದ ಕಂಬ. ಕಂಬದಲ್ಲಿ ವೃತ್ತ ಚಪ್ಪಟೆಯಾಗಿ ಕೂರಬೇಕಾದರೆ ಸುಮಾರು 12ರಿಂದ ಆರಂಭಿಸಿ ಸುತ್ತಿಗೆ 12ರಂತೆ ಹೆಚ್ಚಿಸಬೇಕು. ನೀವು ಬ್ರಿಟಿಷ್ ಮಾದರಿಯನ್ನು ಹಿಡಿದು, ಗಿಡ್ಡ ಹೊಲಿಗೆಯ ಎಣಿಕೆಯಲ್ಲಿ ಉದ್ದದ ಕಂಬಗಳನ್ನು ಹಾಕಿದ್ದೀರಿ. ಎತ್ತರ ಇಮ್ಮಡಿಗೂ ಮೀರಿ, ಸುತ್ತಳತೆ ಅಷ್ಟೇ ಉಳಿದುದರಿಂದ ಅದು ಮೊಗ್ಗಿನಂತೆ ಚೂಪಾಯಿತು. ಜೊತೆಗೆ ಕಂಬಗಳ ನಡುವೆ ಸಂದು ಹೆಚ್ಚಾದ್ದರಿಂದ ಗೋಡೆಗೆ ತನ್ನದೇ ಬಲವಿಲ್ಲದೆ ಗಂಜಿಯೊಂದೇ ಆಧಾರವಾಯಿತು.

ಕಡ್ಡಿಯನ್ನೂ ಬದಲಿಸಿ. 20ನೆಯ ನಂಬರಿನ ದಾರಕ್ಕೆ 1.5 ಮಿಲಿಮೀಟರ್ ಎಂಬುದು ಮೇಜುವಸ್ತ್ರದ ಲೇಸಿಗೆ ಸರಿ, ಒಡವೆಗೆ ಸಡಿಲ. 1 ಮಿಲಿಮೀಟರ್ ಉಕ್ಕಿನ ಕಡ್ಡಿಯಲ್ಲಿ, ಬೆರಳಿಗೆ ದಾರವನ್ನು ಒಂದು ಸುತ್ತು ಹೆಚ್ಚಾಗಿ ಸುತ್ತಿಕೊಂಡು ಬಿಗಿಯಾಗಿ ಹಾಕಿ. ಮೊದಲು 20 ಹೊಲಿಗೆಗಳ ಪಟ್ಟಿಯೊಂದನ್ನು ಹೆಣೆದು ಅಳೆಯಿರಿ. ನನ್ನ ಕೈಯಲ್ಲಿ ಅದು 26 ಮಿಲಿಮೀಟರ್ ಬರುತ್ತದೆ, ಅಂದರೆ ಹೊಲಿಗೆಗೆ 1.3. ಜಾರುಕುಣಿಕೆಯಲ್ಲಿ 6 ಹೊಲಿಗೆ ಹಾಕಿ, 12, 18, 24ಕ್ಕೆ ಹೆಚ್ಚಿಸಿ, ಒಂದು ಸುತ್ತು ಹೆಚ್ಚಿಸದೆ ಹೆಣೆದು, 30ಕ್ಕೆ ಹೋಗಿ, ಮತ್ತೊಂದು ಸುತ್ತು ಹಾಗೆಯೇ ಬಿಟ್ಟು, 36ಕ್ಕೆ ನಿಲ್ಲಿಸಿ ಮೂರು ಸುತ್ತು ನೇರವಾಗಿ ಇಳಿಸಿದರೆ ಬಾಯಿ ಸುಮಾರು 15 ಮಿಲಿಮೀಟರ್ ಅಗಲವಿರುವ ಜುಮುಕಿ ತಾನಾಗಿಯೇ ಗುಮ್ಮಟದಂತೆ ನಿಲ್ಲುತ್ತದೆ. ಹೆಚ್ಚಳಗಳನ್ನು ಪ್ರತಿ ಸುತ್ತಿನಲ್ಲೂ ಒಂದರ ಮೇಲೊಂದು ಬರುವಂತೆ ಹಾಕಿದರೆ ಆರು ಮೂಲೆಗಳು ಎದ್ದು ಕಾಣುತ್ತವೆ. ಅವನ್ನು ಸುತ್ತಿನಿಂದ ಸುತ್ತಿಗೆ ಸ್ವಲ್ಪ ಸರಿಸಬೇಕು. ಆ ಮೂಲೆಗಳೇ ಬೇಕೆನ್ನುವವರೂ ಇದ್ದಾರೆ, ಅದು ರುಚಿಯ ಮಾತು.

ಬಾಯಿಯ ಅಂಚು ಬಾಗದಿರಲು ಐರಿಷ್ ಕ್ರೋಶಾದ ಒಂದು ಉಪಾಯವನ್ನು ಎರವಲು ಪಡೆಯಬಹುದು. 1840ರ ದಶಕದ ಆಲೂಗಡ್ಡೆ ಬರಗಾಲದ ಹೊತ್ತಿನಲ್ಲಿ ಐರ್ಲೆಂಡಿನ ಬಡ ಕುಟುಂಬಗಳ ಕೈಹಿಡಿದ ಆ ಹೆಣಿಗೆಯಲ್ಲಿ, ಹೂವು ಎಲೆಗಳು ಉಬ್ಬಿ ನಿಲ್ಲಲೆಂದು ದಪ್ಪ ದಾರವೊಂದನ್ನು ಒಳಗೆ ಸೇರಿಸಿ ಅದರ ಮೇಲೆ ಹೊಲಿಗೆಗಳನ್ನು ಹಾಕುತ್ತಾರೆ. ನಾನು ಜುಮುಕಿಯ ಕೊನೆಯ ಸುತ್ತಿನಲ್ಲಿ ದಾರದ ಬದಲು ಅರ್ಧ ಮಿಲಿಮೀಟರ್ ದಪ್ಪದ ನೈಲಾನ್ ಗಾಳದ ದಾರವನ್ನು ಒಳಗಿಟ್ಟು ಹೆಣೆಯುತ್ತೇನೆ. ನಿಮ್ಮ ಊರಿನಲ್ಲಿ ಅದಕ್ಕೆ ಕೊರತೆಯಿರಲಾರದು. ಹಿತ್ತಾಳೆ ಅಥವಾ ತಾಮ್ರದ ತಂತಿ ಬೇಡ, ಬೆವರಿಗೆ ಹಸಿರು ಕಟ್ಟಿ ದಾರಕ್ಕೆ ಹತ್ತುತ್ತದೆ.

ಬಳೆಯಾಕಾರದ ಓಲೆಗೆ ಲೋಹದ ಬಳೆಯೇ ಬೆನ್ನೆಲುಬಾಗಿರುವುದರಿಂದ ಅಲ್ಲಿ ಈ ಚಿಂತೆಯಿಲ್ಲ, ಎಣಿಕೆಯ ಚಿಂತೆ ಮಾತ್ರ. 40 ಮಿಲಿಮೀಟರ್ ವ್ಯಾಸದ ಬಳೆಯ ಸುತ್ತಳತೆ ಸುಮಾರು 126, 1.3ರಂತೆ 97 ಹೊಲಿಗೆ ಸಾಕು. ಆದರೆ ಲೋಹ ಇಣುಕಬಾರದೆಂದು ನಾನು 108ನ್ನು ಒತ್ತಿ ಕೂರಿಸುತ್ತೇನೆ. ಜಪಮಾಲೆಯ ಸಂಖ್ಯೆಯೆಂಬ ಭಕ್ತಿಯಿಂದಲ್ಲ, 6, 9, 12 ಈ ಮೂರರಿಂದಲೂ ಭಾಗವಾಗುವುದರಿಂದ ಮೇಲಿನ ಸುತ್ತಿಗೆ ಯಾವ ವಿನ್ಯಾಸ ಬೇಕಾದರೂ ಮುರಿಯದೆ ಕೂರುತ್ತದೆ.

ಇನ್ನು ಸರ. ಬರಿಯ ಸರಪಳಿ ಹೊಲಿಗೆಯ ಮೇಲೆ ಭಾರ ಬಿದ್ದರೆ ಕುಣಿಕೆಗಳು ಉದ್ದವಾಗುತ್ತವೆ. ಎರಡು ಸರಪಳಿ ಹಾಕಿ, ಒಂದು ಸಿಂಗಲ್ ಕ್ರೋಶಾ ಹೆಣೆದು, ಹೆಣಿಗೆಯನ್ನು ಪ್ರತಿ ಸಲವೂ ಎಡಕ್ಕೆ ತಿರುಗಿಸಿ, ಅಂಚಿನಲ್ಲಿ ಕಾಣುವ ಎರಡು ಕುಣಿಕೆಗಳಡಿಯಲ್ಲಿ ಮುಂದಿನ ಹೊಲಿಗೆ ಹಾಕುತ್ತಾ ಹೋದರೆ ಜಡೆಯಂಥ ಪಟ್ಟಿ ಹುಟ್ಟುತ್ತದೆ. ಅದು ಬಹಳ ಕಡಿಮೆ ಜಗ್ಗುತ್ತದೆ. ಪದಕವೂ ದೊಡ್ಡದೊಂದೇ ಇರಬೇಕೆಂದಿಲ್ಲ. ನಮ್ಮ ಕಾಸಿನ ಸರವನ್ನು ನೋಡಿ: ಚಿಕ್ಕ ಬಿಲ್ಲೆಗಳು ಒಂದರ ಮೇಲೊಂದು ಅಂಚು ಒರಗಿಸಿಕೊಂಡು ಭಾರವನ್ನು ಕೊರಳಿನ ಸುತ್ತಲೂ ಹಂಚುತ್ತವೆ. ದಾರಕ್ಕೆ ಇಷ್ಟು ಒಪ್ಪುವ ವಿನ್ಯಾಸ ಇನ್ನೊಂದಿಲ್ಲ. ಮೂರೇ ಸುತ್ತಿನ ಬಿಲ್ಲೆಗೆ ಬಾಗುವಷ್ಟು ಅಗಲವೇ ಇರುವುದಿಲ್ಲ. ಮೇಜಿನ ಮೇಲೆ ಹಾಸುವ ಲೇಸನ್ನು ಕುಗ್ಗಿಸಿ ಕಿವಿಗೆ ತೂಗುಹಾಕುವ ಈಚಿನ ರೂಢಿ ನನಗೆ ಅಷ್ಟಾಗಿ ಹಿಡಿಸದಿರುವುದೂ ಇದೇ ಕಾರಣಕ್ಕೆ.

ಉತ್ತರ: ಹಳೆಯ ಬಣ್ಣಗಾರ, ದಾವಣಗೆರೆ

ನನಗೆ ಕ್ರೋಶಾ ಬಾರದು. ಹತ್ತಿ ಗಿರಣಿಯೊಂದರ ಬಣ್ಣದ ವಿಭಾಗದಲ್ಲಿ 27 ವರ್ಷ ದುಡಿದವನಾದ್ದರಿಂದ ಮೂರನೆಯ ತೊಂದರೆಯ ಬಗ್ಗೆ ಹೇಳಬಲ್ಲೆ.

ವಿನೆಗರ್ ಹತ್ತಿಗೆ ಕೆಲಸ ಮಾಡುವುದಿಲ್ಲ. ಹುಳಿಯ ನೆರವಿನಿಂದ ಕಚ್ಚಿಕೊಳ್ಳುವ ಬಣ್ಣಗಳು ರೇಷ್ಮೆ ಮತ್ತು ಉಣ್ಣೆಯವು; ಅಲ್ಲಿಂದ ಈ ಮನೆಮದ್ದು ಹತ್ತಿಗೂ ಹರಡಿರಬೇಕು. ಹತ್ತಿಗೆ ಹಾಕುವ ಬಣ್ಣಗಳಲ್ಲಿ ಕೆಲವು ನೂಲಿನ ನಾರಿನೊಂದಿಗೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತವೆ, ಅವು ತೊಳೆದರೆ ಬಿಡುವುದಿಲ್ಲ. ಇನ್ನು ಕೆಲವು ನಾರಿಗೆ ಸುಮ್ಮನೆ ಅಂಟಿಕೊಂಡಿರುತ್ತವೆ. ಉಪ್ಪು ಅವನ್ನು ಬಣ್ಣದ ತೊಟ್ಟಿಯಲ್ಲಿ ನೂಲಿನೊಳಕ್ಕೆ ಹೋಗಲು ತಳ್ಳುತ್ತದೆಯೇ ಹೊರತು ಆಮೇಲೆ ಹಿಡಿದಿಡುವುದಿಲ್ಲ. ನಿಮ್ಮ ಕೆಂಪು ದಾರ ಈ ಎರಡನೆಯ ಬಗೆಯದಾಗಿರಬಹುದು, ಅಥವಾ ಮೊದಲನೆಯ ಬಗೆಯದೇ ಆಗಿದ್ದು ಬಣ್ಣ ಹಾಕಿದ ಮೇಲೆ ಸರಿಯಾಗಿ ಜಾಲಿಸದೆ ಬಿಟ್ಟದ್ದಾಗಿರಬಹುದು. ಪತ್ತೆಹಚ್ಚುವುದು ಸುಲಭ: ಒಂದು ಮೊಳ ದಾರವನ್ನು ಒದ್ದೆಮಾಡಿ, ಬಿಳಿ ಹತ್ತಿ ಬಟ್ಟೆಯ ಮಡಿಕೆಯಲ್ಲಿ ಇಟ್ಟು, ಇಸ್ತ್ರಿ ಪೆಟ್ಟಿಗೆಯಿಂದ ಒಣಗುವವರೆಗೆ ಒತ್ತಿ. ಕಲೆ ಬಿದ್ದರೆ ಉಳಿದ ದಾರವನ್ನು ಸೋಪುಪುಡಿ ಹಾಕಿದ ಬಿಸಿನೀರಿನಲ್ಲಿ ಜಾಲಿಸಿ ನೀರು ತಿಳಿಯಾಗುತ್ತದೆಯೇ ನೋಡಿ. ನಾಲ್ಕೈದು ನೀರಿಗೂ ತಿಳಿಯಾಗದಿದ್ದರೆ ಆ ಉಂಡೆಯನ್ನು ಒಡವೆಗೆ ಬಳಸಬೇಡಿ. ಕೆಂಪು, ಕಡುನೀಲಿ ಮತ್ತು ಕಪ್ಪನ್ನು ನೋಡಿದಾಗಲೆಲ್ಲ ಈ ಪರೀಕ್ಷೆ ಮಾಡುವುದು ಒಳ್ಳೆಯದು.

ದಾರ ಕೊಳ್ಳುವಾಗ ಮರ್ಸರೈಸ್ ಮಾಡಿದ್ದನ್ನೇ ಕೇಳಿ. 1844ರಲ್ಲಿ ಇಂಗ್ಲೆಂಡಿನ ಜಾನ್ ಮರ್ಸರ್ ಎಂಬಾತ ಹತ್ತಿಯನ್ನು ಕಾಸ್ಟಿಕ್ ಸೋಡಾದಲ್ಲಿ ಅದ್ದಿದರೆ ನಾರು ಉಬ್ಬಿ, ಬಲಗೊಂಡು, ಬಣ್ಣವನ್ನು ಚೆನ್ನಾಗಿ ಕುಡಿಯುತ್ತದೆಂದು ಕಂಡುಕೊಂಡ; ಆದರೆ ನೂಲು ಕುಗ್ಗುತ್ತಿತ್ತು. 1890ರಲ್ಲಿ ಹೊರೇಸ್ ಲೋ ಎಂಬಾತ ನೂಲನ್ನು ಬಿಗಿಯಾಗಿ ಎಳೆದು ಹಿಡಿದು ಅದೇ ಕೆಲಸ ಮಾಡಿದಾಗ ಕುಗ್ಗುವುದು ನಿಂತು, ರೇಷ್ಮೆಯಂಥ ಹೊಳಪು ಬಂತು. ನಿಮ್ಮ ಕುಚ್ಚಿನ ಕೆಲಸದಲ್ಲಿ ರೇಷ್ಮೆ ದಾರವೆಂದು ಕೊಳ್ಳುವುದು ಹೆಚ್ಚಾಗಿ ರೇಯಾನ್ ಆಗಿರುತ್ತದೆ. ರೇಯಾನ್ ಒದ್ದೆಯಾದರೆ ದುರ್ಬಲವಾಗುತ್ತದೆ, ಹತ್ತಿ ಒದ್ದೆಯಾದರೆ ಇನ್ನಷ್ಟು ಬಲಗೊಳ್ಳುತ್ತದೆ. ಕರಾವಳಿಯಲ್ಲಿ ಹತ್ತಿಯನ್ನು ಆರಿಸಿಕೊಂಡದ್ದು ಸರಿಯಾಗಿಯೇ ಇದೆ.

ಮರುಪ್ರಶ್ನೆ: ಕುಚ್ಚಿನ ಕೈ, ಮಂಗಳೂರು

ಇಷ್ಟು ವಿವರವಾಗಿ ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಮಾದರಿಯ ಪುಟವನ್ನು ಮತ್ತೆ ತೆರೆದು ನೋಡಿದೆ. ಹೊಲಿಗೆಗಳ ಹೆಸರು ಬ್ರಿಟಿಷ್ ಪದ್ಧತಿಯವು ಎಂದು ಮೇಲ್ಗಡೆಯೇ ಚಿಕ್ಕ ಅಕ್ಷರದಲ್ಲಿ ಬರೆದಿತ್ತು. 11 ವರ್ಷ ಕಡ್ಡಿ ಹಿಡಿದವಳಿಗೆ ಇದು ಕಾಣದೆ ಹೋದದ್ದಕ್ಕೆ ನಾಚಿಕೆಯಾಯಿತು. ಕುಚ್ಚಿನ ಕೆಲಸವನ್ನು ನಾನು ಅಮ್ಮನ ಕೈ ನೋಡಿ ಕಲಿತವಳು, ಮಾದರಿ ಓದಿ ಕಲಿತವಳಲ್ಲ.

ಧಾರವಾಡದವರು ಹೇಳಿದ ಲೆಕ್ಕದಂತೆಯೇ 1 ಮಿಲಿಮೀಟರ್ ಕಡ್ಡಿಯಲ್ಲಿ ಹೊಸ ಜೋಡಿಯೊಂದನ್ನು, ಗಂಜಿಯನ್ನೂ ಅಂಟನ್ನೂ ಮುಟ್ಟಿಸದೆ, ಹೆಣೆದೆ. ಪರೀಕ್ಷೆಗೆಂದು ಎರಡು ರಾತ್ರಿ ಬಚ್ಚಲುಮನೆಯ ಹಂಡೆಯ ಮೇಲಿನ ಮೊಳೆಗೆ ತೂಗುಹಾಕಿದ್ದೆ. ಆವಿ ಕುಡಿದೂ ಆಕಾರ ಬಿಡಲಿಲ್ಲ. ಕೆಂಪು ದಾರ ಮಾತ್ರ ಆರು ನೀರಿಗೂ ತಿಳಿಯಾಗದ ಕಾರಣ ಅದನ್ನು ಬಾಗಿಲ ತೋರಣಕ್ಕೆ ಇಟ್ಟಿದ್ದೇನೆ.

ಒಂದೇ ಒಂದು ತೊಡಕು ಉಳಿದಿದೆ. ಒಳಗಿಟ್ಟ ಗಾಳದ ದಾರದ ತುದಿಗಳು ಹೊಲಿಗೆಗಳ ಸಂದಿನಿಂದ ಹೊರಬಂದು ಕೊರಳಿಗೆ ಚುಚ್ಚುತ್ತಿವೆ. ಗಂಟು ಹಾಕಿದರೆ ನಿಲ್ಲುವುದಿಲ್ಲ, ಜಾರುತ್ತದೆ.

ಉತ್ತರ: ಹೆಣಿಗೆ ಲೆಕ್ಕ, ಧಾರವಾಡ

ಗಂಟು ಬೇಡ. ಸುತ್ತು ಹಾಕಲು ತೊಡಗುವ ಮುನ್ನವೇ ಗಾಳದ ದಾರವನ್ನು ಬಾಯಿಯ ಸುತ್ತಳತೆಗಿಂತ ಎರಡು ಸೆಂಟಿಮೀಟರ್ ಉದ್ದವಾಗಿ ಕತ್ತರಿಸಿಕೊಂಡು, ಎರಡೂ ತುದಿಗಳಿಗೆ ಉರಿಯುವ ಊದುಬತ್ತಿಯ ಕೆಂಡವನ್ನು ಕ್ಷಣಮಾತ್ರ ತಾಗಿಸಿ. ನೈಲಾನ್ ಕರಗಿ ಸಾಸಿವೆಗಿಂತ ಚಿಕ್ಕ ಗುಂಡಾಗುತ್ತದೆ. ಆಮೇಲೆ ಹೆಣೆಯುವಾಗ ತುದಿಗಳು ಒಂದರ ಪಕ್ಕದಲ್ಲಿ ಒಂದು ಎರಡು ಸೆಂಟಿಮೀಟರ್ ಹಾಯ್ದುಹೋಗುವಂತೆ ಇಟ್ಟು, ಅಷ್ಟು ಭಾಗದಲ್ಲಿ ಎರಡರ ಮೇಲೂ ಒಟ್ಟಿಗೆ ಹೊಲಿಗೆ ಹಾಕಿ. ಆ ಗುಂಡು ಹೊಲಿಗೆಗಳ ಸಂದಿನಿಂದ ಹೊರಬರಲಾರದು. ಈಗಾಗಲೇ ಹೆಣೆದಿರುವ ಜೋಡಿಗೆ ಕೆಂಡ ತಾಗಿಸಲು ಹೋಗಬೇಡಿ, ಹತ್ತಿ ಸುಟ್ಟೀತು. ಕೊನೆಯ ಸುತ್ತನ್ನು ಬಿಚ್ಚಿ ಮತ್ತೆ ಹಾಕುವುದೇ ಒಳ್ಳೆಯದು. 36 ಹೊಲಿಗೆ ತಾನೇ.