ಒಹಾಯೋ ಬಿಟ್ಟ ಹುಡುಗರು, ಮಿಶಿಗನ್ ಎತ್ತಿಕೊಂಡ ಹುಡುಗರು

ನೀಲಿ ಹಳದಿ:
ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಹೊಸ ರಿಕ್ರೂಟಿಂಗ್ ಪಟ್ಟಿ (ಕಾಲೇಜು ತಂಡಕ್ಕೆ ಸೇರುವ ಹೈಸ್ಕೂಲ್ ಹುಡುಗರ ಪಟ್ಟಿ) ಬಂದಾಗಲೆಲ್ಲ ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಅಭಿಮಾನಿಗಳು ಹುಡುಗರಿಗೆ ಸಿಕ್ಕ ಸ್ಟಾರ್ ಎಣಿಸುತ್ತ ಕೂರುತ್ತಾರೆ. ನಾನು ಅವರ ಹಳೇ ಎದುರಾಳಿ ಮಿಶಿಗನ್ ಕಡೆಯವನು, ಅದರಲ್ಲಿ ಮುಚ್ಚುಮರೆ ಇಲ್ಲ. ಆದರೆ ನಿಮಗೆ ಜಾಸ್ತಿ ಪೆಟ್ಟು ಕೊಟ್ಟವರು ಯಾರು ಅಂತ ಒಮ್ಮೆ ನೋಡಿ. ನಿಮ್ಮ ರಾಜ್ಯದ ಹುಡುಗರೇ!

ಡೆಸ್ಮಂಡ್ ಹೋವರ್ಡ್ ಕ್ಲೀವ್‌ಲ್ಯಾಂಡ್‌ನವನು. 1991ರಲ್ಲಿ ನಿಮ್ಮ ವಿರುದ್ಧ ಪಂಟ್ (ಎದುರಾಳಿ ಒದ್ದು ಕಳಿಸಿದ ಚೆಂಡು) ಹಿಡಿದು 93 ಗಜ ಓಡಿದ, ಎಂಡ್ ಝೋನ್‌ನಲ್ಲಿ ಹೈಸ್‌ಮನ್ ಟ್ರೋಫಿಯ (ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಪ್ರಶಸ್ತಿ) ಭಂಗಿಯಲ್ಲಿ ನಿಂತ. ಟ್ರೋಫಿಯೂ ಅವನಿಗೇ ಬಂತು. ಚಾರ್ಲ್ಸ್ ವುಡ್ಸನ್ ಫ್ರೀಮಾಂಟ್‌ನವನು. 1997ರಲ್ಲಿ ಅವನೂ ನಿಮ್ಮ ಮೇಲೆ ಪಂಟ್ ರಿಟರ್ನ್ ಟಚ್‌ಡೌನ್ ಹೊಡೆದ, ಅವನೂ ಹೈಸ್‌ಮನ್ ಗೆದ್ದ. ಅಷ್ಟೇಕೆ, ನಮ್ಮ ಹಳೇ ಕೋಚ್ ಬೋ ಶೆಂಬೆಕ್ಲರ್ ಹುಟ್ಟಿದ್ದು ಒಹಾಯೋದ ಬಾರ್ಬರ್ಟನ್‌ನಲ್ಲಿ. ಒಹಾಯೋ ಸ್ಟೇಟ್ ಕೋಚ್ ವುಡಿ ಹೇಯ್ಸ್ ಕೈಕೆಳಗೆ ಕೆಲಸ ಮಾಡಿದವರು. 1969ರಲ್ಲಿ ಅದೇ ಗುರುವನ್ನು 24-12ರಿಂದ ಸೋಲಿಸಿದರು.

ಇದಕ್ಕಿಂತ ರುಚಿಯಾದ ಕತೆ ಮೊನ್ನೆ ಮೊನ್ನೆಯದು. ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ತಂಡದ ದಾಳಿ ನಡೆಸುವವನು) ಜೆ.ಜೆ. ಮೆಕಾರ್ಥಿಗೆ ಒಹಾಯೋ ಸ್ಟೇಟ್ ಮೇಲೆ ಆಸೆ ಇತ್ತು. 2019ರಲ್ಲಿ ನೀವು ಅವನನ್ನು ಬಿಟ್ಟು ಕೈಲ್ ಮೆಕಾರ್ಡ್‌ನನ್ನು ಆರಿಸಿಕೊಂಡಿರಿ. ಮೆಕಾರ್ಥಿ ನಮ್ಮಲ್ಲಿಗೆ ಬಂದ. 2023ರ ಪಂದ್ಯದ ಕೊನೇ ನಿಮಿಷದಲ್ಲಿ ಆ ಮೆಕಾರ್ಡ್ ಎಸೆದ ಚೆಂಡನ್ನು ಇಂಟರ್‌ಸೆಪ್ಟ್ ಮಾಡಿದವನು (ನಡುವೆಯೇ ಕಸಿದುಕೊಂಡವನು) ನಮ್ಮ ರಾಡ್ ಮೂರ್. ಅವನೂ ಒಹಾಯೋ ಹುಡುಗ. 30-24ರಿಂದ ನಾವು ಗೆದ್ದೆವು. ಮೆಕಾರ್ಥಿ ಆ ವರ್ಷ ರಾಷ್ಟ್ರೀಯ ಚಾಂಪಿಯನ್ ಆದ. ಸ್ಟಾರ್ ಎಣಿಸುವ ಮೊದಲು, ಕೈಬಿಟ್ಟವರನ್ನು ಎಣಿಸಿ.

ಹುಬ್ಬಳ್ಳಿ ಹುಡುಗ:
ನಾನು ರಾತ್ರಿ ಎದ್ದು ಕೂತು ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್ ನೋಡುವವನು. ಅಲ್ಲಿನ ಡ್ರಾಫ್ಟ್, ಅಂದರೆ ತಂಡಗಳು ಸರದಿಯಂತೆ ಹುಡುಗರನ್ನು ಆರಿಸಿಕೊಳ್ಳುವುದು, ಗೊತ್ತು. ಕಾಲೇಜಿಗೆ ಹುಡುಗರು ಹೇಗೆ ಬರುತ್ತಾರೆ? ಐಪಿಎಲ್ ಹರಾಜಿನ ಥರವಾ?

ಟೊಲೆಡೊ ಟೀಚರ್:
ಇಲ್ಲಿ ತಂಡ ಹುಡುಗನನ್ನು ಆರಿಸಿದರೆ ಸಾಲದು, ಹುಡುಗನೂ ತಂಡವನ್ನು ಆರಿಸಬೇಕು. ಹೈಸ್ಕೂಲ್‌ನಲ್ಲಿ ಇರುವಾಗಲೇ ಕೋಚ್‌ಗಳು ಫೋನ್ ಮಾಡುತ್ತಾರೆ, ಮನೆಗೂ ಬರುತ್ತಾರೆ, ಕ್ಯಾಂಪಸ್‌ಗೆ ಕರೆಯುತ್ತಾರೆ. 247ಸ್ಪೋರ್ಟ್ಸ್, ರೈವಲ್ಸ್, ಇಎಸ್‌ಪಿಎನ್ ಥರದ ಕ್ರೀಡಾ ಮಾಧ್ಯಮದವರು ಹುಡುಗನ ಆಟ ಅಳೆದು ಸ್ಟಾರ್ ಕೊಡುತ್ತಾರೆ. ಇಡೀ ದೇಶದಲ್ಲಿ ಐದು ಸ್ಟಾರ್ ಸಿಗುವುದು ವರ್ಷಕ್ಕೆ ಸುಮಾರು ಮೂವತ್ತು ಹುಡುಗರಿಗೆ. "ಬರುತ್ತೇನೆ" ಅಂತ ಬಾಯಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ. ಸಹಿ ಹಾಕುವ ದಿನದವರೆಗೆ ಮನಸ್ಸು ಬದಲಿಸಬಹುದು, ಅದಕ್ಕೆ ಇಲ್ಲಿ ಫ್ಲಿಪ್ ಅನ್ನುತ್ತಾರೆ.

ಕೊಲಂಬಸ್ ಕಾಕಾ:
ನೀಲಿ ಹಳದಿಯವರೇ, 1991, 1997 ಅಂತ ಎಷ್ಟು ದಿನ ಹೇಳುತ್ತೀರಿ? ಈಗ ಒಹಾಯೋ ಸ್ಟೇಟ್ ಬರೀ ಒಹಾಯೋದಲ್ಲಿ ಹುಡುಗರನ್ನು ಹುಡುಕುವುದಿಲ್ಲ. ಜೆರಮಾಯ ಸ್ಮಿತ್ ಫ್ಲಾರಿಡಾದವನು, ರಿಸೀವರ್, ಅಂದರೆ ಎಸೆದ ಚೆಂಡು ಹಿಡಿಯುವವನು. ಮೊದಲ ವರ್ಷವೇ ನಾಟರ್ ಡೇಮ್ ವಿರುದ್ಧದ ಫೈನಲ್‌ನಲ್ಲಿ 56 ಗಜದ ಪಾಸ್ ಹಿಡಿದು ಕತೆ ಮುಗಿಸಿದ. 34-23, 2025ರ ಜನವರಿಯಲ್ಲಿ ನಾವು ಚಾಂಪಿಯನ್. ಐದು ಸ್ಟಾರ್ ಹುಡುಗ ಹೀಗಿರುತ್ತಾನೆ! ಸ್ಟಾರ್ ಸುಮ್ನೆ ಕೊಡುವುದಿಲ್ಲ.

ನೀಲಿ ಹಳದಿ:
ಕಾಕಾ, 2024ರ ಅದೇ ಸೀಸನ್‌ನ ನವೆಂಬರ್ ಕೊನೆಯಲ್ಲಿ ಏನಾಯಿತು ಅಂತ ಬರೆಯುವುದನ್ನು ಮರೆತಿರಿ. ನಿಮ್ಮ ಆ ತಂಡದ ಆಟಗಾರರಿಗೆ ಸುಮಾರು 2 ಕೋಟಿ ಡಾಲರ್ ಖರ್ಚಾಯಿತು ಅಂತ ನಿಮ್ಮ ಅಥ್ಲೆಟಿಕ್ ಡೈರೆಕ್ಟರೇ ಹೇಳಿದ್ದರು. ನಮ್ಮ ಕ್ವಾರ್ಟರ್‌ಬ್ಯಾಕ್ ಡೇವಿಸ್ ವಾರನ್ ಸ್ಕಾಲರ್‌ಶಿಪ್ ಇಲ್ಲದೆ ವಾಕ್-ಆನ್ ಆಗಿ ಬಂದವನು, ಲುಕೇಮಿಯಾ ಗೆದ್ದು ಬಂದವನು. ಅವನು ಎಸೆದು ಗಳಿಸಿದ್ದು ಒಟ್ಟು 62 ಗಜ. ಆದರೂ ನಿಮ್ಮ ಅಂಗಳದಲ್ಲಿ 13-10ರಿಂದ ನಾವು ಗೆದ್ದೆವು. ಸತತ ನಾಲ್ಕನೇ ಸಲ.

ಕೊಲಂಬಸ್ ಕಾಕಾ:
ಆ ಸೋಲು ಹೊಟ್ಟೆ ಉರಿಸಿತು, ಒಪ್ಪಿದೆ. ಆದರೆ ಸೀಸನ್ ಒಂದೇ ಪಂದ್ಯ ಅಲ್ಲ. ನಾವು ಪ್ಲೇಆಫ್‌ನಲ್ಲಿ ನಾಲ್ಕು ಪಂದ್ಯ ಗೆದ್ದೆವು. ಒಳ್ಳೆಯ ಆಟಗಾರರ ದಾಸ್ತಾನು ಇಲ್ಲದೆ ಅದು ಆಗುವುದಿಲ್ಲ. ಇನ್ನು ದುಡ್ಡಿನ ಮಾತು ನಿಮ್ಮ ಬಾಯಲ್ಲಿ ಬರಬಾರದು. ಬ್ರೈಸ್ ಅಂಡರ್‌ವುಡ್ 2025ರ ನಂಬರ್ ಒನ್ ಹುಡುಗ. 2024ರ ಜನವರಿಯಲ್ಲೇ ಲೂಸಿಯಾನ ಸ್ಟೇಟ್ ವಿಶ್ವವಿದ್ಯಾಲಯ, ಅಂದರೆ ಎಲ್‌ಎಸ್‌ಯುಗೆ ಮಾತು ಕೊಟ್ಟಿದ್ದ. ನವೆಂಬರ್‌ನಲ್ಲಿ ನಿಮ್ಮ ಕಡೆ ಫ್ಲಿಪ್ ಆದ. ಒಂದು ಕೋಟಿ ಡಾಲರ್‌ಗೂ ಜಾಸ್ತಿ, ಆರಕಲ್‌ನ ಲ್ಯಾರಿ ಎಲಿಸನ್ ಅವರ ಕೈಯೂ ಇತ್ತು ಅಂತ ಪತ್ರಿಕೆಗಳೇ ಬರೆದವು. ಆಮೇಲೆ 2025ರ ನವೆಂಬರ್‌ನಲ್ಲಿ, ನಿಮ್ಮ ಸ್ಟೇಡಿಯಂನಲ್ಲೇ, 27-9ರಿಂದ ನಾವು ಗೆದ್ದೆವು. ನಿಮಗೆ ಒಂದು ಟಚ್‌ಡೌನ್ ಕೂಡ ಬರಲಿಲ್ಲ.

ನೀಲಿ ಹಳದಿ:
ಅಂಡರ್‌ವುಡ್ ಬೆಲ್‌ವಿಲ್ ಹುಡುಗ. ನಮ್ಮ ವಿಶ್ವವಿದ್ಯಾಲಯ ಇರುವ ಆನ್ ಆರ್ಬರ್‌ನಿಂದ ಕಾರಿನಲ್ಲಿ ಅರ್ಧ ಗಂಟೆಯೂ ಇಲ್ಲ. ಪಕ್ಕದ ಊರಿನ ಹುಡುಗ ಲೂಸಿಯಾನಕ್ಕೆ ಹೋಗುತ್ತಿದ್ದಾಗ ತಡೆದೆವು. ನಾನು ಮೊದಲಿನಿಂದ ಹೇಳುತ್ತಿರುವುದೂ ಅದನ್ನೇ ಅಲ್ವಾ? ಹತ್ತಿರದವನನ್ನು ಬಿಡಬಾರದು. ಮೊದಲ ವರ್ಷದ ಹುಡುಗ ಒಂದು ಪಂದ್ಯ ಸೋತದ್ದಕ್ಕೆ ಅಷ್ಟು ಕುಣಿಯಬೇಡಿ.

ಟೊಲೆಡೊ ಟೀಚರ್:
ಟೊಲೆಡೊ ಇರುವುದು ಒಹಾಯೋದಲ್ಲಿ, ಆನ್ ಆರ್ಬರ್ ಮಾತ್ರ ಒಂದು ಗಂಟೆ ದಾರಿ. ಈ ಜಗಳ ನನ್ನ ತರಗತಿಯಲ್ಲಿ ದಿನಾ ಕೇಳುತ್ತೇನೆ. ನೀವಿಬ್ಬರೂ ತಂಡದ ಕಡೆಯಿಂದ ನೋಡುತ್ತಿದ್ದೀರಿ. ಹುಡುಗನ ಕಡೆಯಿಂದಲೂ ನೋಡಿ.

2025ರ ಡಿಸೆಂಬರ್ ಮೊದಲ ವಾರ ಮಿಶಿಗನ್‌ಗೆ ಹುಡುಗರು ಸಹಿ ಹಾಕಿದರು. ಸುಮಾರು ಒಂದು ವಾರದಲ್ಲಿ ಕೋಚ್ ಶೆರೋನ್ ಮೂರ್ ಅವರನ್ನೇ ವಿಶ್ವವಿದ್ಯಾಲಯ ತೆಗೆದುಹಾಕಿತು. ಆಮೇಲೆ ಯೂಟಾದಿಂದ ಕೈಲ್ ವಿಟಿಂಗ್‌ಹ್ಯಾಮ್ ಬಂದರು. ಮನೆಗೆ ಬಂದು ಅಮ್ಮನ ಜೊತೆ ಮಾತಾಡಿ ಹೋದ ಕೋಚ್ ಇಲ್ಲ, ಸಹಿ ಮಾತ್ರ ಇದೆ. ಹದಿನೇಳು ವರ್ಷದ ಹುಡುಗ ಏನು ಮಾಡಬೇಕು?

ಇನ್ನೊಂದು ವಿಷಯ. ಆಟಗಾರರು ದುಡ್ಡಿನ ಪಾಲು ಕೇಳಿ ಹಾಕಿದ್ದ ಹೌಸ್ ಕೇಸಿನ ಒಪ್ಪಂದ 2025ರ ಜೂನ್‌ನಲ್ಲಿ ಆಯಿತು. ಈಗ ಕಾಲೇಜುಗಳೇ ಆಟಗಾರರಿಗೆ ದುಡ್ಡು ಕೊಡಬಹುದು. ಎಲ್ಲ ಆಟಗಳೂ ಸೇರಿ ಮೊದಲ ವರ್ಷದ ಮಿತಿ 2.05 ಕೋಟಿ ಡಾಲರ್. ಅದು ಒಳ್ಳೆಯದೇ, ಲಕ್ಷ ಜನ ಟಿಕೆಟ್ ಕೊಂಡು ನೋಡುವ ಆಟದಲ್ಲಿ ಆಡುವವನಿಗೆ ಪಾಲು ಬೇಡವೇ? ಆದರೆ ಅದರ ಜೊತೆಗೆ ಫುಟ್‌ಬಾಲ್ ತಂಡಕ್ಕೆ 105 ಜನರ ಮಿತಿಯೂ ಬಂತು. ಮೊದಲು ಸ್ಕಾಲರ್‌ಶಿಪ್ 85 ಇದ್ದರೂ ವಾಕ್-ಆನ್ ಹುಡುಗರಿಗೆ ಅಂಥ ಮಿತಿ ಇರಲಿಲ್ಲ. ಕತ್ತರಿ ಬೀಳುವುದು ಡೇವಿಸ್ ವಾರನ್ ಥರದವರಿಗೇ. ನೀಲಿ ಹಳದಿಯವರು ಹೊಗಳಿದ ಗೆಲುವು ಇನ್ನು ಮುಂದೆ ಕಷ್ಟ.

ಹೂಸಿಯರ್ ಮಂಜ:
ಎಲ್ಲರಿಗೂ ನಮಸ್ಕಾರ. ನಮ್ಮನ್ನು ಯಾರೂ ನೆನೆಯಲಿಲ್ಲವಲ್ಲ! ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಫುಟ್‌ಬಾಲ್‌ನಲ್ಲಿ ಇದ್ದದ್ದು ಸೋಲಿನ ದಾಖಲೆ. ಕೋಚ್ ಕರ್ಟ್ ಸಿಗ್ನೆಟ್ಟಿ 2024ಕ್ಕೆ ಬಂದರು. ತಾವು ಮೊದಲಿದ್ದ ಜೇಮ್ಸ್ ಮ್ಯಾಡಿಸನ್ ವಿಶ್ವವಿದ್ಯಾಲಯದಿಂದ ತಮ್ಮ ಹಳೇ ಹುಡುಗರನ್ನು ಕರೆತಂದರು. ಆಮೇಲೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಕ್ವಾರ್ಟರ್‌ಬ್ಯಾಕ್ ಫರ್ನಾಂಡೋ ಮೆಂಡೋಜಾ ಟ್ರಾನ್ಸ್‌ಫರ್ ಆಗಿ ಬಂದ, ಹೈಸ್‌ಮನ್ ಗೆದ್ದ. ನಮ್ಮ ಮೂರೂ ತಂಡಗಳು ಆಡುವ ಬಿಗ್ ಟೆನ್ ಲೀಗ್ ಫೈನಲ್‌ನಲ್ಲಿ ಒಹಾಯೋ ಸ್ಟೇಟ್ ಮೇಲೆ 13-10, ರಾಷ್ಟ್ರೀಯ ಫೈನಲ್‌ನಲ್ಲಿ ಮಯಾಮಿ ಮೇಲೆ 27-21. ಒಟ್ಟು 16 ಗೆಲುವು, ಒಂದೂ ಸೋಲಿಲ್ಲ. ಸ್ಟಾರ್ ಲೆಕ್ಕದಲ್ಲಿ ನೀವಿಬ್ಬರೂ ನಮಗಿಂತ ಎಷ್ಟೋ ಮೇಲೆ.

ಕೊಲಂಬಸ್ ಕಾಕಾ:
ಮಂಜ, ನಿಮ್ಮ ಹಳೇ ವಿದ್ಯಾರ್ಥಿ ಮಾರ್ಕ್ ಕ್ಯೂಬನ್ ಹಾಕಿದ ದುಡ್ಡನ್ನೂ ಹೇಳಪ್ಪ. ಆದರೂ ನಿನ್ನ ಮಾತಿನಲ್ಲಿ ಹುರುಳಿದೆ. ಇಪ್ಪತ್ತೆರಡು ದಾಟಿದ, ಆಡಿ ಪಳಗಿದ ಆಟಗಾರ ಟ್ರಾನ್ಸ್‌ಫರ್ ಪೋರ್ಟಲ್‌ನಲ್ಲಿ (ಕಾಲೇಜು ಬದಲಿಸಲು ಹೊರಟವರ ಪಟ್ಟಿ) ಸಿಗುವಾಗ ಹೈಸ್ಕೂಲ್ ಹುಡುಗನ ಸ್ಟಾರ್ ನಂಬಿ ಎಷ್ಟು ಸುರಿಯಬೇಕು? ನಮ್ಮ 2024ರ ಕ್ವಾರ್ಟರ್‌ಬ್ಯಾಕ್ ವಿಲ್ ಹೋವರ್ಡ್ ಕೂಡ ಕ್ಯಾನ್ಸಸ್ ಸ್ಟೇಟ್‌ನಿಂದ ಬಂದವನೇ.

ನೀಲಿ ಹಳದಿ:
ಪೋರ್ಟಲ್‌ನಿಂದ ಬಂದವನಿಗೆ ಮಿಶಿಗನ್-ಒಹಾಯೋ ಸ್ಟೇಟ್ ಪಂದ್ಯದ ಸೇಡು ಗೊತ್ತಿರುವುದಿಲ್ಲ ಕಾಕಾ. ಆ ಪಂದ್ಯದ ಮಟ್ಟಿಗೆ ನನಗೆ ಈಗಲೂ ಒಹಾಯೋದ ಕೋಪಿಷ್ಠ ಹುಡುಗನೇ ಬೇಕು.

ಹುಬ್ಬಳ್ಳಿ ಹುಡುಗ:
ಇಷ್ಟು ಓದಿದ ಮೇಲೆ ತೀರ್ಮಾನ ಮಾಡಿದೆ. ನಾನು ಇಂಡಿಯಾನಾ ಕಡೆ!

ಕೊಲಂಬಸ್ ಕಾಕಾ:
ಬಂದ ಕೂಡಲೇ ಗೆದ್ದೆತ್ತಿನ ಬಾಲ ಹಿಡಿದೆಯಲ್ಲೋ ತಮ್ಮಾ! 2026ರಲ್ಲಿ ಮಿಶಿಗನ್ ಕೊಲಂಬಸ್‌ಗೆ ಬರುತ್ತದೆ, ನವೆಂಬರ್ ಕೊನೇ ಶನಿವಾರ. ವಾಡಿಕೆಯಂತೆ ಇಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಶುರುವಾದರೆ ನಿನಗೆ ಅಲ್ಲಿ ರಾತ್ರಿ ಹತ್ತೂವರೆ. ಅದನ್ನು ನೋಡಿ ಆಮೇಲೆ ಹೇಳು.